ಹೊಳೆ ವಾಪಸ್ ಬರುವ ಊರು

ಆಗಸ್ಟ್ ಬಂತೆಂದರೆ ನಮ್ಮ ಕೊಡಗಿನ ನಾಪೋಕ್ಲು ಕಡೆಯವರ ಬಾಯಲ್ಲಿ ಒಂದೇ ಪ್ರಶ್ನೆ, ನೀರು ಎಲ್ಲಿವರೆಗೆ ಬಂತು? ಅಂಗಡಿಯಲ್ಲಿ ಅದೇ, ಫೋನಿನಲ್ಲಿ ಅದೇ. ಕಾವೇರಿ ಮೊದಲು ಗದ್ದೆಗೆ ಹತ್ತುತ್ತದೆ, ಆಮೇಲೆ ರಸ್ತೆಗೆ. ಎರಡು ವರ್ಷದ ಹಿಂದೆ ಅಂಥದೊಂದು ದಿನ, ನಾಲ್ಕು ದಿನದಿಂದ ಕರೆಂಟಿಲ್ಲದೆ ಜೀಪಿನಲ್ಲಿ ಫೋನ್ ಚಾರ್ಜ್ ಮಾಡಿಕೊಂಡು ಕೂತಿದ್ದಾಗ ಅಕ್ಕನ ಮಗಳ ಕಾಲ್ ಬಂತು. "ಮಾವ, ನಿಮ್ಮ ಹೊಳೆ ಉಕ್ಕುತ್ತೆ ಅಷ್ಟೇ. ಇಲ್ಲಿಯ ಹೊಳೆ ದಿನಕ್ಕೆ ಎರಡು ಸಲ ವಾಪಸ್ ಬರುತ್ತೆ" ಅಂದಳು. ನೆಟ್‌ವರ್ಕ್ ಸರಿ ಇಲ್ಲ, ನಾನೇ ತಪ್ಪು ಕೇಳಿಸಿಕೊಂಡೆ ಅಂದುಕೊಂಡೆ.

ತಪ್ಪು ಕೇಳಿಸಿರಲಿಲ್ಲ. ಕಳೆದ ವರ್ಷ ಜೂನ್‌ನಲ್ಲಿ, ಇಲ್ಲಿ ಮಳೆ ಹಿಡಿಯುವ ಮೊದಲೇ ಹೊರಟು, ಮೂರು ವಾರ ಅವಳ ಮನೆಯಲ್ಲಿದ್ದು ಬಂದೆ. ಊರಿನ ಹೆಸರು ಡಿಯೆಪ್. ಕೆನಡಾದ ಪೂರ್ವದ ತುದಿಯಲ್ಲಿ ನ್ಯೂ ಬ್ರನ್ಸ್‌ವಿಕ್ ಅಂತ ಒಂದು ಪ್ರಾಂತ್ಯ, ಅದರಲ್ಲಿ ಪೆಟಿಕೋಡಿಯಾಕ್ ಅನ್ನುವ ಹೊಳೆಯ ದಡ. 2021ರ ಜನಗಣತಿಯಲ್ಲಿ 28,114 ಜನ. ನಮ್ಮ ಮಡಿಕೇರಿಯಲ್ಲಿ 2011ರಲ್ಲೇ 33 ಸಾವಿರ ಚಿಲ್ಲರೆ ಇತ್ತು, ಲೆಕ್ಕ ಹಾಕಿ. ಪಕ್ಕದಲ್ಲೇ ಮಾಂಕ್ಟನ್ ಅನ್ನುವ ದೊಡ್ಡ ಊರು, ಹೊಳೆಯ ಆಚೆ ರಿವರ್‌ವ್ಯೂ. ಮೂರೂ ಒಂದಕ್ಕೊಂದು ಅಂಟಿಕೊಂಡಿವೆ, ಕಾರಿನಲ್ಲಿ ಹೋಗುವಾಗ ಯಾವುದು ಎಲ್ಲಿ ಮುಗಿಯಿತು ಅಂತ ಗೊತ್ತಾಗುವುದಿಲ್ಲ. ಆದರೆ ಮಾಂಕ್ಟನ್‌ನಲ್ಲಿ ಇಂಗ್ಲಿಷಿನವರು ಜಾಸ್ತಿ. ಡಿಯೆಪ್‌ನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಜನರ ಮನೆಮಾತು ಫ್ರೆಂಚ್. ಫ್ರೆಂಚರೇ ಜಾಸ್ತಿ ಇರುವ ಊರುಗಳಲ್ಲಿ ಆ ಪ್ರಾಂತ್ಯದಲ್ಲಿ ಇದೇ ದೊಡ್ಡದು. ಕೆನಡಾದಲ್ಲಿ ಫ್ರೆಂಚ್ ಅಂದರೆ ಕ್ವಿಬೆಕ್ ಅಂತ ನಾವು ಅಂದುಕೊಂಡಿರುತ್ತೇವೆ ಅಲ್ವಾ. ಇವರು ಕ್ವಿಬೆಕ್‌ನವರಲ್ಲ. ಹಾಗೆ ಕರೆದರೆ ಸಿಟ್ಟೇ ಬರುತ್ತದೆ. ಇವರು ಅಕಾಡಿಯನ್ನರು.

ಮೊದಲು ಹೊಳೆ ನೋಡಿದ್ದನ್ನು ಹೇಳಿಬಿಡುತ್ತೇನೆ. ದಡದಲ್ಲಿ ಬೆಂಚು ಹಾಕಿದ್ದಾರೆ, ಅಲೆ ಎಷ್ಟು ಗಂಟೆಗೆ ಬರುತ್ತದೆ ಅಂತ ಮೊದಲೇ ಗೊತ್ತಿರುತ್ತದೆ, ಬಸ್ಸಿನ ಟೈಮ್ ಟೇಬಲ್ ಇದ್ದ ಹಾಗೆ. ಕೆಳಗೆ ಹೊಳೆ ಅಂದರೆ ಬರೀ ಕೆಸರು. ನಮ್ಮ ನಾಟಿಗೆ ಹದ ಮಾಡಿದ ಗದ್ದೆಯ ಬಣ್ಣ, ಅದೇ ಹೊಳಪು, ನಡುವೆ ಸಣ್ಣಗೆ ನೀರು ಸಮುದ್ರದ ಕಡೆ ಹರಿಯುತ್ತಿತ್ತು. ಸ್ಥಳೀಯರು ಇದಕ್ಕೆ ಚಾಕೊಲೇಟ್ ಹೊಳೆ ಅಂತಲೇ ಅನ್ನುತ್ತಾರೆ. ಆಮೇಲೆ ಒಂದು ಸದ್ದು, ದೂರದಲ್ಲಿ ಮಳೆ ಕಾಡಿನ ಮೇಲೆ ಬರುವಾಗ ಕೇಳುತ್ತದಲ್ಲ ಹಾಗೆ. ತಿರುವಿನಲ್ಲಿ ದಡದಿಂದ ದಡಕ್ಕೆ ಒಂದು ಗೆರೆ ಕಾಣಿಸಿತು, ಆ ಗೆರೆ ಅಲೆಯಾಯಿತು, ಅಲೆ ನಮ್ಮ ಮುಂದೆಯೇ ಮೇಲಕ್ಕೆ ಹೋಯಿತು. ಅದು ದಾಟಿದ ಮೇಲೆ ಇಡೀ ಹೊಳೆ ಉಲ್ಟಾ ಹರಿಯಲು ಶುರು. ಒಂದು ಮರದ ತುಂಡು ಐದು ನಿಮಿಷ ಮೊದಲು ಬಲಕ್ಕೆ ಹೋಗಿತ್ತು, ಈಗ ಅದೇ ತುಂಡು ಎಡಕ್ಕೆ ಬಂತು. ತಲಕಾವೇರಿಯಲ್ಲಿ ಹುಟ್ಟಿದ್ದು ಮುಂದಕ್ಕೇ ಹೋಗಬೇಕು ಅಂತ ನಂಬಿ ಬೆಳೆದವನಿಗೆ ಇದು ಒಂಥರಾ ತಪ್ಪು ಮಾಡಿದ ಹಾಗೆ ಕಂಡಿತು.

ಕಾರಣ ಕೆಳಗಿನ ಫಂಡಿ ಕೊಲ್ಲಿ. ಪ್ರಪಂಚದಲ್ಲೇ ಅತಿ ಎತ್ತರದ ಉಬ್ಬರ ಅಲ್ಲಿಯದು, ಕೆಲವು ಕಡೆ 16 ಮೀಟರ್‌ವರೆಗೆ. ಆಲಿಕೆಯ ಆಕಾರದ ಕೊಲ್ಲಿ, ಅಷ್ಟು ನೀರು ಇಕ್ಕಟ್ಟಿಗೆ ನುಗ್ಗಿದರೆ ಹೊಳೆಯೊಳಗೇ ಏರಬೇಕು ತಾನೆ. 1968ರಲ್ಲಿ ಮಾಂಕ್ಟನ್ನಿನಿಂದ ರಿವರ್‌ವ್ಯೂಗೆ ಗೇಟು ಇಟ್ಟು ಕಟ್ಟೆ ರಸ್ತೆ ಹಾಕಿದರು. ಹೊಳೆಗೆ ಉಸಿರು ಕಟ್ಟಿದ ಹಾಗಾಯಿತು. ಹೂಳು ತುಂಬಿತು, ಅಗಲ ಕುಗ್ಗಿತು, ಮೀನು ಮೇಲೆ ಹೋಗುವುದು ನಿಂತಿತು, ಎದೆಮಟ್ಟಕ್ಕೆ ಬರುತ್ತಿದ್ದ ಅಲೆ ಗೇಣುದ್ದ ಆಯಿತು. ವರ್ಷಗಟ್ಟಲೆ ಜಗಳ ಆಡಿ ಕೊನೆಗೆ 2010ರ ಏಪ್ರಿಲ್‌ನಲ್ಲಿ ಗೇಟು ತೆಗೆದು ಹಾಗೇ ಬಿಟ್ಟರು. 2013ರಲ್ಲಿ ಇಬ್ಬರು ಹುಡುಗರು ಈ ಅಲೆಯ ಮೇಲೆ ಹಲಗೆ ಹಾಕಿಕೊಂಡು 29 ಕಿಲೋಮೀಟರ್ ಹೋದರಂತೆ. 2021ರಲ್ಲಿ ಕಟ್ಟೆಯ ಜಾಗದಲ್ಲಿ ಸೇತುವೆಯೇ ಬಂತು. ಕಟ್ಟಿದ್ದನ್ನು ತಪ್ಪಾಯಿತು ಅಂತ ಬಿಚ್ಚಿದ ಸರ್ಕಾರವನ್ನು ನಾನು ಕಂಡಿದ್ದು ಕಡಿಮೆ.

ಈಗ ಜನರ ಕಥೆ. ಈ ನೆಲ ಮೊದಲಿನಿಂದ ಮಿಕ್ಮಾ ಜನರದ್ದು. ಹೊಳೆಯ ಹೆಸರೂ ಅವರದ್ದೇ, ಬಿಲ್ಲಿನ ಹಾಗೆ ಬಾಗಿದ್ದು ಅಂತ ಅರ್ಥ ಹೇಳುತ್ತಾರೆ. 1604ರಲ್ಲಿ ಫ್ರೆಂಚರು ಬಂದರು, ಮರುವರ್ಷ ಪೋರ್ಟ್ ರಾಯಲ್‌ನಲ್ಲಿ ನೆಲೆ ಮಾಡಿದರು. ನಿಧಾನಕ್ಕೆ ಈ ಕೊಲ್ಲಿಯ ಸುತ್ತ ಹಳ್ಳಿಗಳಾದವು. ಈ ಸೀಮೆಗೆ ಅಕಾಡಿಯಾ ಅಂತ ಹೆಸರು, ಇಲ್ಲಿ ನೆಲೆಸಿದವರೇ ಅಕಾಡಿಯನ್ನರು. ಅವರು ಮಾಡಿದ ಒಂದು ಕೆಲಸ ನನಗೆ ತುಂಬಾ ಹಿಡಿಸಿತು. ಹೊಸ ಜಾಗಕ್ಕೆ ಹೋದವರು ಸಾಮಾನ್ಯವಾಗಿ ಕಾಡು ಕಡಿಯುತ್ತಾರೆ. ಇವರು ಹೆಚ್ಚಾಗಿ ಕಾಡಿನ ತಂಟೆಗೆ ಹೋಗಲಿಲ್ಲ, ಸಮುದ್ರ ಬಂದು ಮುಳುಗಿಸುವ ಉಪ್ಪು ಜೌಗನ್ನು ಹಿಡಿದರು. ಹುಲ್ಲುಹೆಂಟೆ ಕತ್ತರಿಸಿ ಏರಿ ಕಟ್ಟಿದರು. ಏರಿಯ ಅಡಿಯಲ್ಲಿ, ತೋಡು ಹಾದುಹೋಗುವ ಕಡೆ, ಮರದ ಒಂದು ತೂಬು ಇಟ್ಟರು. ಅದರ ಹೆಸರು ಅಬ್ವಾತೋ. ತೂಬಿನ ಒಳಗೆ ಮೇಲಿಂದ ನೇತುಹಾಕಿದ ಒಂದು ಹಲಗೆ ಬಾಗಿಲು, ಅಷ್ಟೇ. ಸಮುದ್ರ ಇಳಿದಾಗ ಗದ್ದೆಯ ಮಳೆನೀರು ಹಲಗೆಯನ್ನು ತಳ್ಳಿಕೊಂಡು ಹೊರಗೆ ಹೋಗುತ್ತದೆ. ಸಮುದ್ರ ಏರಿದಾಗ ಅದೇ ನೀರು ಹಲಗೆಯನ್ನು ಒತ್ತಿ ಮುಚ್ಚಿಬಿಡುತ್ತದೆ. ಕಾವಲು ಬೇಡ, ಕೀ ಬೇಡ. ಎರಡು ಮೂರು ವರ್ಷ ಮಳೆಯೇ ಮಣ್ಣಿನ ಉಪ್ಪು ತೊಳೆಯುತ್ತದೆ, ಆಮೇಲೆ ಗೊಬ್ಬರ ಹಾಕದಿದ್ದರೂ ಗೋಧಿ ಬರುತ್ತದೆ. ಹಳೆಯ ತೂಬುಗಳು ಕೆಸರಿನಲ್ಲಿ ಹಾಗೇ ಸಿಗುತ್ತವೆ. ಮ್ಯೂಸಿಯಂನಲ್ಲಿ ಒಂದನ್ನು ನೋಡಿದೆ, ಒಂದೇ ದಿಮ್ಮಿಯನ್ನು ದೋಣಿಯ ಹಾಗೆ ತೋಡಿ ಮೇಲೆ ಹಲಗೆ ಮುಚ್ಚಿದ್ದು. ಬಗ್ಗಿ ಬಗ್ಗಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅಕ್ಕನ ಮಗಳಿಗೆ ನಾಚಿಕೆಯಾಗಿ ಆ ಕಡೆ ಹೋಗಿ ನಿಂತಳು.

ಅಷ್ಟು ಒಳ್ಳೆಯ ಗದ್ದೆ ಮಾಡಿದರೆ ಬೇರೆಯವರ ಕಣ್ಣು ಬೀಳದೆ ಇರುತ್ತದೆಯೇ. ಫ್ರೆಂಚರಿಗೂ ಬ್ರಿಟಿಷರಿಗೂ ಆದ 1713ರ ಒಪ್ಪಂದದಲ್ಲಿ ಅಕಾಡಿಯಾದ ಬಹುಪಾಲು ಬ್ರಿಟಿಷರ ಕೈಗೆ ಹೋಯಿತು. ನಾವು ಯಾರ ಪರವೂ ಯುದ್ಧ ಮಾಡುವುದಿಲ್ಲ, ನಮ್ಮ ಪಾಡಿಗೆ ಬಿಡಿ ಅಂದರು ಈ ರೈತರು. ಸುಮಾರು 40 ವರ್ಷ ಹಾಗೇ ನಡೆಯಿತು. 1755ರ ಜೂನ್‌ನಲ್ಲಿ ಹತ್ತಿರದ ಫ್ರೆಂಚರ ಬೊಸೆಜೂರ್ ಕೋಟೆ ಬ್ರಿಟಿಷರ ಕೈಗೆ ಬಿತ್ತು, ಆಮೇಲೆ ಎಲ್ಲರನ್ನೂ ಎತ್ತಂಗಡಿ ಮಾಡುವ ತೀರ್ಮಾನ ಬಂತು. ಸೆಪ್ಟೆಂಬರ್ 5ರಂದು ಗ್ರಾಂ ಪ್ರೇ ಊರಿನ ಗಂಡಸರನ್ನೆಲ್ಲ ಚರ್ಚಿಗೆ ಕರೆದು ಬಾಗಿಲು ಹಾಕಿ ಆಜ್ಞೆ ಓದಿದರು. ಜಮೀನು, ದನ ಎಲ್ಲ ರಾಜನದ್ದು, ನೀವು ಹಡಗು ಹತ್ತಿ. ಈ ಪೆಟಿಕೋಡಿಯಾಕ್ ಕಡೆಯವರು ಮಾತ್ರ ಸುಮ್ಮನೆ ಹತ್ತಲಿಲ್ಲ. ಮಿಕ್ಮಾ ಜನರೂ ಸೇರಿ, ಮನೆಗೆ ಬೆಂಕಿ ಇಡಲು ಬಂದ ತುಕಡಿಯನ್ನು ಸೆಪ್ಟೆಂಬರ್ ಮೊದಲ ವಾರ ಹೊಡೆದು ಓಡಿಸಿದರು. ಅದರಿಂದ ಸ್ವಲ್ಪ ಸಮಯ ಸಿಕ್ಕಿತು ಅಷ್ಟೇ. 1763ರ ಹೊತ್ತಿಗೆ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಹೊರಹಾಕಲಾಗಿತ್ತು. ಎಷ್ಟೋ ಮಂದಿ ಹಡಗಿನಲ್ಲೇ ಸತ್ತರು, ಕೆಲವರು ಸುತ್ತಿ ಸುತ್ತಿ ಲೂಯಿಸಿಯಾನಾ ಸೇರಿದರು, ಅಲ್ಲಿಯ ಕೇಜನ್ ಜನ ಇವರೇ. ಇಷ್ಟಾದದ್ದಕ್ಕೆ ಅಕಾಡಿಯನ್ನರು ಇಟ್ಟ ಹೆಸರು "ದೊಡ್ಡ ಗಲಿಬಿಲಿ" ಅನ್ನುವಂಥದ್ದು. ಹಳ್ಳಿಯವರು ಹಾಗೇ, ದೊಡ್ಡ ನೋವಿಗೆ ಸಣ್ಣ ಹೆಸರು ಇಡುತ್ತಾರೆ. ನಮ್ಮಲ್ಲೂ 2018ರಲ್ಲಿ ಗುಡ್ಡ ಜರಿದು ಮನೆ ಹೋದವರು "ಆ ಮಳೆಗೆ" ಅಂತ ಮಾತ್ರ ಹೇಳುವುದು.

1764ರ ಮೇಲೆ ವಾಪಸ್ ಬರಲು ಬಿಟ್ಟರು. ಬಂದು ನೋಡಿದರೆ ಅವರು ಏರಿ ಕಟ್ಟಿದ ಗದ್ದೆಗಳಲ್ಲಿ ಬೇರೆಯವರು ಉಳುತ್ತಿದ್ದರು. ಈಗ ಮಾಂಕ್ಟನ್ ಇರುವ ಹೊಳೆಯ ತಿರುವಿನಲ್ಲಿ 1766ರಲ್ಲಿ ಪೆನ್ಸಿಲ್ವೇನಿಯಾದಿಂದ ಬಂದ ಜರ್ಮನ್ ಮೂಲದ ಕುಟುಂಬಗಳು ಇಳಿದಿದ್ದವು. ವಾಪಸ್ ಬಂದ ಅಕಾಡಿಯನ್ನರು ಸಿಕ್ಕ ಅಂಚಿನಲ್ಲಿ ಮತ್ತೆ ಶುರು ಮಾಡಿದರು. ಡಿಯೆಪ್ ಹುಟ್ಟಿದ್ದು ಅಂಥ ಅಂಚಿನಲ್ಲೇ.

ಪಕ್ಕದ ದೊಡ್ಡ ಊರಿಗೆ ಹೆಸರು ಎಲ್ಲಿಂದ ಬಂತು ಗೊತ್ತಾ? ರಾಬರ್ಟ್ ಮಾಂಕ್ಟನ್. ಬೊಸೆಜೂರ್ ಕೋಟೆ ಹಿಡಿದವನು, ಇವರನ್ನು ಹಡಗು ಹತ್ತಿಸಿದವನು. ಇಂಗ್ಲಿಷಿನಲ್ಲಿ ಅವನ ಹೆಸರಿನಲ್ಲಿ ಒಂದು 'ಕೆ' ಜಾಸ್ತಿ ಇತ್ತು, ಯಾವನೋ ಗುಮಾಸ್ತ ಬರೆಯುವಾಗ ಬಿಟ್ಟನಂತೆ, ಹಾಗೇ ಉಳಿಯಿತು. 1963ರಲ್ಲಿ ಅಕಾಡಿಯನ್ನರಿಗಾಗಿ ಫ್ರೆಂಚ್ ಯೂನಿವರ್ಸಿಟಿ ಬಂದಾಗ ಅದಕ್ಕೂ ಅವನದೇ ಹೆಸರು! ಬದಲಾಯಿಸಿ ಅಂತ ಈಗಲೂ ಕೇಳುತ್ತಿದ್ದಾರೆ. ಇದನ್ನು ಕೇಳಿ ನನಗೆ ನಗು ಬಂತು, ಯಾಕೆಂದರೆ ನಮ್ಮ ಅಜ್ಜಿ ಸಾಯುವವರೆಗೂ ಕುಶಾಲನಗರಕ್ಕೆ ಫ್ರೇಜರ್‌ಪೇಟೆ ಅಂತಲೇ ಹೇಳುತ್ತಿದ್ದರು. 1834ರಲ್ಲಿ ಕೊಡಗನ್ನು ಕಂಪನಿ ಸರ್ಕಾರಕ್ಕೆ ಸೇರಿಸಿದಾಗ ಬಂದ ಕರ್ನಲ್ ಫ್ರೇಜರನ ಹೆಸರು ಅದು. ಅಜ್ಜಿಗೆ ಫ್ರೇಜರ್ ಯಾರು ಅಂತ ಗೊತ್ತಿರಲಿಲ್ಲ. ಅವರಿಗೆ ಅದು ಸಂತೆಯ ಹೆಸರು.

ಡಿಯೆಪ್‌ನ ಹೆಸರಿನ ಕಥೆ ಬೇರೆ. 1946ರವರೆಗೆ ಅದು ಲೆಜೆ ಕಾರ್ನರ್, ಲೆಜೆ ಅನ್ನುವ ಮನೆತನದವರ ಮೂಲೆ. ನಮ್ಮಲ್ಲಿ ಇಂಥವರ ಮನೆ ತಿರುವು ಅನ್ನುವುದಿಲ್ಲವೇ, ಹಾಗೆ. ಎರಡನೇ ಮಹಾಯುದ್ಧದಲ್ಲಿ, 1942ರ ಆಗಸ್ಟ್ 19ರಂದು, ಜರ್ಮನರ ಕೈಯಲ್ಲಿದ್ದ ಫ್ರಾನ್ಸಿನ ಡಿಯೆಪ್ ಬಂದರಿನ ಮೇಲೆ ಒಂದು ದಾಳಿ ಆಯಿತು. ಹೋದವರಲ್ಲಿ ಸುಮಾರು ಐದು ಸಾವಿರ ಮಂದಿ ಕೆನಡಾದವರು. ಆ ದಡದಲ್ಲಿ ಮರಳಿಲ್ಲ, ಬರೀ ಉರುಟು ಕಲ್ಲು, ಟ್ಯಾಂಕಿನ ಚಕ್ರಗಳು ಅಲ್ಲೇ ಜಾರಿ ಸಿಕ್ಕಿಕೊಂಡವು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. 900ಕ್ಕೂ ಹೆಚ್ಚು ಕೆನಡಾದ ಸೈನಿಕರು ಸತ್ತರು, ಸುಮಾರು ಎರಡು ಸಾವಿರ ಮಂದಿ ಸೆರೆ ಸಿಕ್ಕರು. ಯುದ್ಧ ಮುಗಿದ ಮೇಲೆ ಲೆಜೆ ಕಾರ್ನರಿನವರು ಊರಿಗೆ ಆ ಹೆಸರು ಇಟ್ಟುಕೊಂಡರು. 1952ರಲ್ಲಿ ಪಟ್ಟಣ, 2003ರಲ್ಲಿ ನಗರ.

ನಾನು ಇದನ್ನು ಬಹಳ ಯೋಚನೆ ಮಾಡಿದೆ. ಕೊಡಗಿನಲ್ಲಿ ಗೋಡೆಯ ಮೇಲೆ ಯೂನಿಫಾರ್ಮಿನ ಫೋಟೋ ಇಲ್ಲದ ಮನೆ ಹುಡುಕಬೇಕು. ಕಾರ್ಯಪ್ಪ, ತಿಮ್ಮಯ್ಯ ಎಲ್ಲರಿಗೂ ಗೊತ್ತು. ಹೆಸರಿಲ್ಲದೆ ಹೋದ ಸಿಪಾಯಿಗಳು ಪ್ರತಿ ಊರಲ್ಲೂ ಇದ್ದಾರೆ. ನಾವು ಸರ್ಕಲ್ಲಿಗೆ ಹೆಸರಿಟ್ಟೆವು, ಪ್ರತಿಮೆ ನಿಲ್ಲಿಸಿದೆವು, ಇವರು ಇಡೀ ಊರನ್ನೇ ಕೊಟ್ಟುಬಿಟ್ಟರು. ಇನ್ನೊಂದು ಜಾಣತನವೂ ಇದೆ ಅಂತ ನನಗೆ ಅನ್ನಿಸುತ್ತದೆ. ಅದು ಫ್ರೆಂಚ್ ಹೆಸರು. ಆದರೆ ಯುದ್ಧದಲ್ಲಿ ಸತ್ತವರ ನೆನಪಿಗೆ ಇಟ್ಟದ್ದು, ಪಕ್ಕದ ಊರಿನ ಇಂಗ್ಲಿಷಿನವರು ಬೇಡ ಅನ್ನುವುದಾದರೂ ಹೇಗೆ?

ಯಾಕೆಂದರೆ ಆ ಕಾಲದಲ್ಲಿ ಮಾಂಕ್ಟನ್ ಪೇಟೆಯಲ್ಲಿ ಫ್ರೆಂಚ್ ಮಾತಾಡಿದರೆ ಮುಖ ತಿರುಗಿಸುತ್ತಿದ್ದರು. 1960ರಲ್ಲಿ ಲೂಯಿ ರೊಬಿಶೋ ಅನ್ನುವ ಅಕಾಡಿಯನ್ ಚುನಾವಣೆ ಗೆದ್ದು ಪ್ರಾಂತ್ಯದ ಮುಖ್ಯಮಂತ್ರಿಯಂಥ ಸ್ಥಾನಕ್ಕೆ ಬಂದ ಮೇಲೆ ಗಾಳಿ ತಿರುಗಿತು. 1968ರಲ್ಲಿ, ಅಂದರೆ ಹೊಳೆಗೆ ಕಟ್ಟೆ ಹಾಕಿದ ಅದೇ ವರ್ಷ, ಫ್ರೆಂಚ್ ವಿದ್ಯಾರ್ಥಿಗಳು ಮೆರವಣಿಗೆ ಮಾಡಿದರು. ಎರಡು ಭಾಷೆ ಬೇಡ ಅನ್ನುತ್ತಿದ್ದ ಮೇಯರನ ಮನೆಗೆ ಒಂದು ಹಂದಿಯ ತಲೆಯನ್ನೂ ಕೊಟ್ಟು ಬಂದರು. (ಕೊಡಗಿನಲ್ಲಾದರೆ ಅದನ್ನು ಉಡುಗೊರೆ ಅಂತ ತಿಳಿದು ಒಳಗೆ ಕರೆಯುತ್ತಿದ್ದರೇನೋ.) 1969ರಲ್ಲಿ ಭಾಷಾ ಕಾನೂನು ಬಂತು. ಇವತ್ತಿಗೂ ಕೆನಡಾದಲ್ಲಿ ಎರಡೂ ಭಾಷೆಗೆ ಸಮಾನ ಅಧಿಕೃತ ಸ್ಥಾನ ಇರುವ ಪ್ರಾಂತ್ಯ ಅದೊಂದೇ. 2010ರಲ್ಲಿ ಡಿಯೆಪ್ ನಗರಸಭೆ ಇನ್ನೊಂದು ಹೆಜ್ಜೆ ಹೋಗಿ, ಹೊಸ ಅಂಗಡಿ ಬೋರ್ಡುಗಳು ಎರಡೂ ಭಾಷೆಯಲ್ಲಿ ಇರಲೇಬೇಕು, ಫ್ರೆಂಚ್ ಮೊದಲು ಅಂತ ನಿಯಮ ಮಾಡಿತು. ನಮ್ಮ 60 ಪರ್ಸೆಂಟ್ ಕನ್ನಡ ಬೋರ್ಡಿನ ಗಲಾಟೆ ನೋಡಿದವರಿಗೆ ಅಲ್ಲಿಯ ಚರ್ಚೆ ಹೇಗಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ.

ಆದರೆ ನನಗೆ ಕಾನೂನಿಗಿಂತ ಜಾಸ್ತಿ ಹಿಡಿಸಿದ್ದು ಅಂಗಡಿಯಲ್ಲಿ ಕೇಳಿದ ಮಾತು. ಅಲ್ಲಿಯ ಹುಡುಗರು ಆಡುವುದು ಪುಸ್ತಕದ ಫ್ರೆಂಚ್ ಅಲ್ಲ, ಶಿಯಾಕ್. ಫ್ರೆಂಚಿನ ಬೆನ್ನೆಲುಬು, ಇಂಗ್ಲಿಷಿನ ಮಾಂಸ. ಕಾರು ನಿಲ್ಲಿಸಿದೆ ಅನ್ನುವುದಕ್ಕೆ "ಜೆ ಪಾರ್ಕೆ ಮೊಂ ಕಾರ್". 'ಪಾರ್ಕ್' ಇಂಗ್ಲಿಷ್, ಅದಕ್ಕೆ ಹಚ್ಚಿದ ಬಾಲ ಫ್ರೆಂಚ್. ನಾವು 'ಪಾರ್ಕ್ ಮಾಡಿದೆ' ಅನ್ನುವುದಿಲ್ಲವೇ, ಅದೇ ಕಸುಬು. ಇದನ್ನು ಕೇಳಿ ಪ್ಯಾರಿಸ್‌ನವರೂ ನಗುತ್ತಾರೆ, ಕ್ವಿಬೆಕ್‌ನವರೂ ನಗುತ್ತಾರೆ. ಅರ್ಧಂಬರ್ಧ ಭಾಷೆ ಅನ್ನುತ್ತಾರೆ.

ನಮ್ಮ ಮನೆಮಾತು ಅರೆಭಾಷೆ. ಹೆಸರಿನಲ್ಲೇ ಅರ್ಧ! ಕನ್ನಡದವರು 'ಇದೆ' ಅನ್ನುವಲ್ಲಿ ನಾವು 'ಉಟ್ಟು' ಅನ್ನುತ್ತೇವೆ. ನಾನು ಓದಿದ ಶಾಲೆಯಲ್ಲಿ ಒಬ್ಬ ಮೇಷ್ಟ್ರು, 'ಉಟ್ಟು' ಅಂದವರನ್ನು ಬೆಂಚಿನ ಮೇಲೆ ನಿಲ್ಲಿಸಿ "ಏನು ಉಟ್ಟಿದ್ದೀಯ, ಸೀರೆಯಾ?" ಅಂತ ಕೇಳುತ್ತಿದ್ದರು. ಇಡೀ ಕ್ಲಾಸು ನಗುತ್ತಿತ್ತು, ನಾನೂ ನಗುತ್ತಿದ್ದೆ, ಬೇರೆಯವನ ಸರದಿ ಬಂದಾಗ. ಆಮೇಲೆ ಪೇಟೆಯಲ್ಲಿ ಶುದ್ಧ ಕನ್ನಡ, ಪಕ್ಕದ ಮನೆಯವರ ಹತ್ತಿರ ಕೊಡವ ತಕ್ಕ್, ಅಂಗಡಿಯಲ್ಲಿ ಮಲಯಾಳ, ಹೀಗೆ ಬಾಯಿ ಪಳಗಿತು. ಈಗ ಮಡಿಕೇರಿಯಲ್ಲಿ ಅರೆಭಾಷೆ ಅಕಾಡೆಮಿಯೇ ಇದೆ, ಸಂತೋಷ. ಆದರೂ ಡಿಯೆಪ್‌ನ ಕಾಫಿ ಅಂಗಡಿಯಲ್ಲಿ ಇಬ್ಬರು ಹುಡುಗಿಯರು ಎಗ್ಗಿಲ್ಲದೆ ಶಿಯಾಕ್‌ನಲ್ಲಿ ಕಚಪಚ ಮಾಡುತ್ತಿದ್ದುದನ್ನು ಕೇಳಿದಾಗ, ಭಾಷೆ ಉಳಿಯುವುದು ಇಲ್ಲಿ, ಈ ಕೌಂಟರಿನಲ್ಲಿ ಅಂತ ಖಂಡಿತ ಅನ್ನಿಸಿತು. ಶುದ್ಧ ಮಾಡಿ ಕಪಾಟಿನಲ್ಲಿಟ್ಟರೆ ಅದು ಗೆದ್ದಲಿಗೆ.

ಶನಿವಾರದ ಸಂತೆಗೆ ಹೋಗಿದ್ದೆವು, ಡಿಯೆಪ್ ಮಾರ್ಕೆಟ್ ಅಂತ ಸುತ್ತೆಲ್ಲ ಪ್ರಸಿದ್ಧ. ಅಲ್ಲಿ ಪೂತೀನ್ ರಾಪೇ ತಿಂದೆ. ಕ್ವಿಬೆಕ್‌ನ ಪೂತೀನ್ ಬೇರೆ, ಅದು ಕರಿದ ಆಲೂಗಡ್ಡೆ, ಚೀಸು. ಇದು ಹಾಗಲ್ಲ. ತುರಿದ ಹಸಿ ಆಲೂಗಡ್ಡೆಯನ್ನು ಹಿಂಡಿ, ಬೇಯಿಸಿ ಹಿಸುಕಿದ್ದನ್ನು ಬೆರೆಸಿ, ನಡುವೆ ಉಪ್ಪು ಹಾಕಿದ ಹಂದಿಮಾಂಸ ಇಟ್ಟು ಉಂಡೆ ಕಟ್ಟಿ ಗಂಟೆಗಟ್ಟಲೆ ಬೇಯಿಸುವುದು. ಬೂದು ಬಣ್ಣ, ಅಂಟಂಟು, ನೋಡಲು ಏನೇನೂ ಚೆಂದ ಇಲ್ಲ. ಬಾಯಿಗಿಟ್ಟರೆ ನಮ್ಮ ಅಕ್ಕಿ ಉಂಡೆ ಕಡಂಬುಟ್ಟು, ಹಂದಿಕರಿ ಎರಡನ್ನೂ ಯಾರೋ ಒಂದೇ ಉಂಡೆ ಮಾಡಿ, ಖಾರ ಮತ್ತು ಕಾಚಂಪುಳಿ ಹಾಕಲು ಮರೆತ ಹಾಗೆ. ಪಕ್ಕದ ಅಜ್ಜ ಅದರ ಮೇಲೆ ಕಾಕಂಬಿಯಂಥದ್ದು ಸುರಿದುಕೊಂಡ. ನಾನು ಅಷ್ಟು ಧೈರ್ಯ ಮಾಡಲಿಲ್ಲ.

ಅದೇ ಅಜ್ಜ ನನ್ನ ಹೆಸರು ಕೇಳಿ, ಯಾರ ಮಗ ಅಂತ ಕೇಳಿದ. ಅಕ್ಕನ ಮಗಳು ನಕ್ಕಳು, ಇಲ್ಲಿ ಎಲ್ಲರೂ ಹೀಗೇ ಅಂತ. ಅಲ್ಲಿ ಹೆಸರುಗಳು ಬಹಳ ಇಲ್ಲ. ಲೆಬ್ಲಾಂ, ಕೋರ್ಮಿಯೆ, ಬೂರ್ಕ್, ಲೆಜೆ, ಮತ್ತೆ ಲೆಬ್ಲಾಂ. ಹಾಗಾಗಿ ಜನರನ್ನು ಅಪ್ಪ, ಅಜ್ಜನ ಹೆಸರು ಸೇರಿಸಿ ಗುರುತಿಸುವುದು ಹಳೆಯ ರೂಢಿ, ಪಿಯೇರನ ಜಾನನ ಮರಿ ಅನ್ನುವ ಹಾಗೆ. 1994ರಲ್ಲಿ ಮೊದಲ ವಿಶ್ವ ಅಕಾಡಿಯನ್ ಸಮಾವೇಶ ಇದೇ ಸುತ್ತಿನಲ್ಲಿ ನಡೆದಾಗ ಮನೆತನಗಳು ಮನೆತನಗಳಾಗಿ ಸೇರಿದ್ದವು, ಲೂಯಿಸಿಯಾನಾದವರೂ ಬಂದಿದ್ದರು. ಮೂರು ವರ್ಷದ ಮೇಲೆ ನಮ್ಮ ಕೊಡಗಿನ ಕರಡ ಊರಿನಲ್ಲಿ ಕೊಡವ ಮನೆತನಗಳ ಹಾಕಿ ಶುರುವಾಯಿತು. ಒಂದಕ್ಕೊಂದು ಸಂಬಂಧ ಇಲ್ಲ, ಸುಮ್ನೆ ಹೇಳಿದೆ.

ಅಕಾಡಿಯಾ ಅಂತ ಇವತ್ತಿನ ಮ್ಯಾಪಿನಲ್ಲಿ ಒಂದು ರಾಜ್ಯ ಇಲ್ಲ. ಆದರೆ ಬಾವುಟ ಇದೆ, ಫ್ರಾನ್ಸಿನ ಮೂರು ಬಣ್ಣ, ನೀಲಿಯ ಮೇಲೆ ಒಂದು ಬಂಗಾರದ ನಕ್ಷತ್ರ, 1884ರಿಂದ. ಹಬ್ಬವೂ ಇದೆ, ಆಗಸ್ಟ್ 15, ನಮ್ಮದೇ ದಿನ. ಅವತ್ತು ಪಾತ್ರೆ, ತಟ್ಟೆ, ಗಂಟೆ ಏನು ಸಿಕ್ಕಿತೋ ಅದನ್ನು ಬಡಿದುಕೊಂಡು ಬೀದಿಗೆ ಬರುತ್ತಾರೆ, ನಾವು ಇನ್ನೂ ಇದ್ದೇವೆ ಅಂತ. ಹಲವು ಊರುಗಳಲ್ಲಿ ಶುರು ಮಾಡುವುದು ಸಂಜೆ 5:55ಕ್ಕೆ. ಅಂದರೆ 17:55. ಅವರನ್ನು ಹೊರಹಾಕಿದ 1755ರ ನೆನಪಿಗೆ. ಕಳೆದ ವರ್ಷ ಅಕ್ಕನ ಮಗಳು ಕುಕ್ಕರಿನ ಮುಚ್ಚಳ ಹಿಡಿದುಕೊಂಡು ಹೋಗಿ ವಿಡಿಯೋ ಕಾಲ್ ಮಾಡಿದಳು. ನಮಗೆ ರಾತ್ರಿ ಎರಡೂವರೆ. ನಾಯಿ ಎದ್ದು ಬೊಗಳಿತು, ಹೆಂಡತಿ ಕಳ್ಳ ಬಂದ ಅಂದಳು.

ಆ ಅಬ್ವಾತೋ ಚಿತ್ರವನ್ನು ನಮ್ಮ ಗದ್ದೆ ನೋಡಿಕೊಳ್ಳುವ ಅಜ್ಜನಿಗೆ ತೋರಿಸಿದೆ. ನಮ್ಮ ಕೆಳಗಿನ ಗದ್ದೆಗೆ ನೀರು ಹತ್ತುವುದು ನೇರವಾಗಿ ಹೊಳೆಯಿಂದಲ್ಲ. ಕಾವೇರಿ ತುಂಬಿದಾಗ ಅದು ತೋಡಿನಲ್ಲಿ ಹಿಂದಕ್ಕೆ ಒತ್ತಿ ತೂಬಿನಿಂದ ಒಳಗೆ ಬರುತ್ತದೆ. ಹೊಳೆ ವಾಪಸ್ ಬರುವುದು ನಮ್ಮಲ್ಲೂ ಇದೆ, ನಾನು ಯಾವತ್ತೂ ಹಾಗೆ ನೋಡಿರಲಿಲ್ಲ ಅಷ್ಟೇ. ಅಜ್ಜ ನೋಟ್‌ಬುಕ್ಕನ್ನು ತಿರುಗಿಸಿ ತಿರುಗಿಸಿ ನೋಡಿದರು. ನೇತುಹಾಕಿದ ಹಲಗೆಯ ಮೇಲೆ ಬೆರಳಿಟ್ಟು ಎರಡು ಸಲ ಆಡಿಸಿದರು.

"ಏರಿ ಮೀರಿ ಬಂದರೆ ಇದೇನೂ ಮಾಡಲ್ಲ" ಅಂದರು. ಆಮೇಲೆ, "ಸಣ್ಣ ನೀರಿಗೆ ಆಗ್ತದೆ. ಹಲಸಿನ ಹಲಗೆ ಬೇಕು. ಕಸ ಸಿಕ್ಕಿಕೊಳ್ಳದ ಹಾಗೆ ಮುಂದೆ ಬಿದಿರು ಕಟ್ಟಬೇಕು."

ಹಲಗೆ ಕೊಯ್ಯಿಸಿ ಕೊಟ್ಟಿಗೆಯಲ್ಲಿ ಇಟ್ಟಿದ್ದೇನೆ. ಕೀಲಿಗೆ ಕಬ್ಬಿಣ ಹಾಕುವುದೋ, ಹಳೆಯ ಟಯರಿನ ತುಂಡು ಹಾಕುವುದೋ ಅನ್ನುವುದರಲ್ಲಿ ನಮ್ಮಿಬ್ಬರಿಗೆ ಇನ್ನೂ ಒಮ್ಮತ ಆಗಿಲ್ಲ.